ಹದಿನೇಳನೇ ನಂಬರಿನ ಹಾಜರಿ

ಹೈಸ್ಕೂಲು ಬಿಟ್ಟು ನಲವತ್ತೈದು ವರ್ಷವಾದ ಮೇಲೆ ನಮ್ಮ ಕ್ಲಾಸಿನ ಹೆಣ್ಣುಮಕ್ಕಳಿಗೆಲ್ಲ ಒಬ್ಬರ ಮೇಲೊಬ್ಬರಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಉಕ್ಕಿದ್ದು ವಾಟ್ಸಾಪಿನಲ್ಲಿ. ಬೆಳಿಗ್ಗೆ ಐದಕ್ಕೇ ಗುಲಾಬಿ ಹೂವು, ಮಧ್ಯಾಹ್ನ ಮಂಡಿನೋವಿಗೆ ಮೆಂತ್ಯದ ಔಷಧ. ಹೀಗೆ ಆರು ತಿಂಗಳು ಪರಸ್ಪರ ಸಹಿಸಿಕೊಂಡು, ಕೊನೆಗೆ ಒಂದು ಭಾನುವಾರ ಧಾರವಾಡದ ಹಾಲ್ ಒಂದರಲ್ಲಿ ಖುದ್ದಾಗಿ ಸೇರುವುದೆಂದು ಠರಾಯಿಸಿದೆವು.

ಸಪ್ತಾಪುರದ ನನ್ನ ಮನೆಯಿಂದ ಆ ಹಾಲ್‌ಗೆ ಹತ್ತು ನಿಮಿಷದ ನಡಿಗೆ. ಆದರೂ ಹೋಗಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕಾರಣ ನನ್ನ ಅಕ್ಕ. ಏಳನೇ ಇಯತ್ತೆಯಲ್ಲಿ ನಪಾಸಾಗಿ ನನ್ನ ಕ್ಲಾಸಿಗೇ ಬಂದು ಕೂತವಳು. ಹಾಗಾಗಿ ಅಕ್ಕನೂ ಹೌದು, ಗೆಳತಿಯೂ ಹೌದು. ಏಳು ವರ್ಷದಿಂದ ಎರಡೂ ಅಲ್ಲ, ಮಾತೇ ಇಲ್ಲ.

ತಪ್ಪು ನನ್ನದಂತೆ. ಮಗಳ ಮದುವೆಯ ಗಡಿಬಿಡಿಯಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಗೆ ಹೋಗಿ, ಅರಿಷಿಣ ಕುಂಕುಮ ಹಚ್ಚಿ, ಪತ್ರಿಕೆ ಕೈಗಿಟ್ಟು ಕರೆಯುವುದು ನನ್ನಿಂದ ಆಗಲಿಲ್ಲ. ಗ್ಯಾಸಿನವನಿಗೆ ಕಳಿಸಿದ ಪತ್ರಿಕೆಯ ಫೋಟೋವನ್ನೇ ಅವಳ ಮೊಬೈಲಿಗೂ ಕಳಿಸಿದೆ. ಮನೆಯವಳನ್ನು ಯಾರಾದರೂ ಕರೆಯುತ್ತಾರೆಯೇ ಎಂಬುದು ನನ್ನ ಘನವಾದ ವಾದ. ಅವಳು ಮದುವೆಗೆ ಬರಲಿಲ್ಲ. ಬರಲಿಲ್ಲವೆಂದು ನನಗೆ ಸಿಟ್ಟು, ಕರೆಯಲಿಲ್ಲವೆಂದು ಅವಳಿಗೆ. ಇಬ್ಬರೂ ಆ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಕೆಡದಂತೆ ಜೋಪಾನ ಮಾಡಿಕೊಂಡು ಬಂದೆವು.

ಹಾಲ್‌ನಲ್ಲಿ ಅವಳಿರಲಿಲ್ಲ. ನಾನು ಬರುತ್ತೇನೆಂದು ತಿಳಿದೇ ತಪ್ಪಿಸಿಕೊಂಡಿದ್ದಳು. ಬಂದಿರಲಿ ಎಂದು ಬಯಸಿದ್ದೆ ಎನ್ನುವುದು ಆಗ ನನಗೇ ಗೊತ್ತಾಯಿತು. ಉಳಿದವರೆಲ್ಲ ಇದ್ದರು. ತಲೆಗೆ ಕಪ್ಪು ಬಳಿದುಕೊಂಡು, ನೀನು ಒಂದಿಷ್ಟೂ ಬದಲಾಗಿಲ್ಲ ಎಂದು ಹೆಸರೂ ನೆನಪಾಗದವರ ಗಲ್ಲ ಹಿಡಿದು ಹೇಳುತ್ತಿದ್ದರು. ಆಗಿನ ಮಾನಿಟರ್ ಈಗಲೂ ಮಾನಿಟರೇ. ತಲೆಗೆ ಎರಡೇ ಮಿರ್ಚಿ ಭಜಿ ಎಂದು ತಾಟಿನ ಹತ್ತಿರ ಕಾವಲು ನಿಂತಿದ್ದಳು.

ಎಂಬತ್ತೈದು ದಾಟಿದ ನಮ್ಮ ಗಣಿತದ ಮಾಸ್ತರರನ್ನು ಕರೆತಂದು, ಶಾಲು ಹೊದಿಸಿ, ಹಳೆಯ ಹಾಗೆ ಹಾಜರಿ ತೆಗೆದುಕೊಳ್ಳಿ ಎಂದರು. ಅವರು ಒಂದೊಂದೇ ನಂಬರ್ ಕೂಗತೊಡಗಿದರು. ಒಂದೇ ಅಡ್ಡಹೆಸರಾದ್ದರಿಂದ ಅಕ್ಕನದು ಹದಿನೇಳು, ನನ್ನದು ಹದಿನೆಂಟು.

ಹದಿನೇಳು ಎಂದರು. ನಮ್ಮ ಕಥೆ ಎಲ್ಲರಿಗೂ ಗೊತ್ತಿದ್ದರಿಂದ, ಎಲ್ಲರೂ ಬಹಳ ಸಭ್ಯತೆಯಿಂದ ನನ್ನನ್ನೇ ನೋಡಿದರು.

“ಹಾಜರ್ ಸರ್,” ಎಂದೆ.

ಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಅಕ್ಕ ಕ್ಲಾಸು ತಪ್ಪಿಸಿ ಪೇರಲ ತೋಟಕ್ಕೆ ಓಡಿದಾಗಲೆಲ್ಲ ದನಿ ದಪ್ಪ ಮಾಡಿಕೊಂಡು ಅವಳ ಹಾಜರಿ ಹೇಳುತ್ತಿದ್ದವಳು ನಾನೇ. ಸಂಜೆ ಅರ್ಧ ಪೇರಲಹಣ್ಣು ನನ್ನ ಕೂಲಿ.

ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ.

“ಆವಾಗೂ ನೀನ ಹೇಳತಿದ್ದಿ. ನನಗ ಗೊತ್ತಿತ್ತವಾ,” ಎಂದು ಮುಂದಿನ ನಂಬರ್ ಕೂಗಿದರು. ಹದಿನೆಂಟು ಎಂದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಎದುರಿಗೇ ಕೂತು ಅಳುತ್ತಿದ್ದ ನನಗೆ ಗೈರುಹಾಜರಿ ಬಿತ್ತು.

ನಾನು ಮನೆ ಮುಟ್ಟುವ ಮೊದಲೇ ಮಾನಿಟರ್ ಅದರ ವಿಡಿಯೋವನ್ನು ಗ್ರೂಪಿಗೆ ಹಾಕಿ ಕೃತಾರ್ಥಳಾಗಿದ್ದಳು. ಅಕ್ಕನೂ ಆ ಗ್ರೂಪಿನಲ್ಲಿದ್ದಾಳೆ. ಏನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಟ್ಟದ ಮೇಲಿನ ಗಂಟು ಬಿಚ್ಚಿ, ಉಳಿದಿದ್ದ ಮದುವೆ ಪತ್ರಿಕೆಗಳಲ್ಲಿ ಒಂದನ್ನು ತೆಗೆದೆ. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದೆ. ಹುಬ್ಬಳ್ಳಿ ಬಸ್ಸು ಹತ್ತಿದೆ. ಬಾಗಿಲು ತೆಗೆದ ಅಕ್ಕನಿಗೆ ಹೊಸ್ತಿಲಲ್ಲೇ ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟೆ.

“ಮಗಳ ಮದುವಿ ಅದ. ತಪ್ಪದ ಬರಬೇಕು.”

ಅವಳು ಚಾಳೀಸು ಹಾಕಿಕೊಂಡು ಏಳು ವರ್ಷ ಹಳೆಯ ಆ ಪತ್ರಿಕೆಯನ್ನು ಕುಲದೇವರಿಂದ ಹಿಡಿದು ಕಲ್ಯಾಣ ಮಂಟಪದ ವಿಳಾಸದವರೆಗೆ ಒಂದಕ್ಷರ ಬಿಡದೆ ಓದಿದಳು.

“ಇಷ್ಟ ಲಗೂನ ಕರೀಲಿಕ್ಕೆ ಬಂದಿ?” ಎಂದಳು. “ಊಟಕ್ಕ ಏನದ?”

ಹೋಳಿಗೆ ಎಂದೆ.

“ನನ್ನ ಹಾಜರಿ ನೀ ನಿನ್ನೇನ ಹೇಳಿಬಿಟ್ಟಿ. ಇನ್ನ ಬರದ ಬಿಟ್ಟರ ಹ್ಯಾಂಗ?” ಎನ್ನುತ್ತ ಸೀರೆ ಬದಲಿಸಲು ಒಳಗೆ ಹೋದಳು.

ನಾನು ಅಂಗಳಕ್ಕೆ ಬಂದು ಗಂಡನಿಗೆ ಫೋನ್ ಮಾಡಿ, ಕಡಲೆಬೇಳೆ ಕುದಿಯಲು ಇಡಿ ಎಂದೆ. ಈ ಸೋಮವಾರ ಏನು ವಿಶೇಷ ಎಂದು ಕೇಳಿದರು. ಮಗಳ ಮದುವೆ ಎಂದೆ.