ಸರೋಜತ್ತೆ ಕೂಗಿದ ಮಧ್ಯಾಹ್ನ

ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವಾಗಲೆಲ್ಲ ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆ ಮೂಗಿಗೆ ಬಂದುಬಿಡುತ್ತದೆ. ಎಣ್ಣೆ, ಗಂಜಿ, ಬಿಸಿಯಾದ ಮೋಟರು, ಬಣ್ಣ ಹಾಕಿದ ರೇಷ್ಮೆ ಎಲ್ಲ ಕಲೆತ ವಾಸನೆ ಅದು. ಮುಂದಿನ ಹಜಾರದಲ್ಲಿ ಆರು ಪವರ್‌ಲೂಮ್ ಮಗ್ಗಗಳು, ಅವುಗಳ ಹಿಂದೆ ಅಡುಗೆಮನೆ, ಒಂದು ಕೋಣೆ. ಮಗ್ಗಗಳ ಸದ್ದಿಗೆ ಗೋಡೆಯ ಕ್ಯಾಲೆಂಡರು ಕೂಡ ಅದುರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದು ಈಗ ಅದನ್ನು ಕಳೆದುಕೊಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲಿ, ಬೈಯುವುದೂ ಕೈಸನ್ನೆಯಲ್ಲಿ.

ಸರೋಜತ್ತೆ ಅಪ್ಪನ ತಂಗಿ. ಹೊಸಕೋಟೆಗೆ ಮದುವೆಯಾಗಿ ಹೋದವಳು, ಗಂಡ ಇನ್ನೊಂದು ಸಂಸಾರ ಹೂಡಿದ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ವಾಪಸು ಬಂದಿದ್ದಳು. ಆಮೇಲೆ ಅವಳು ಬೀದಿಗಿಳಿದದ್ದನ್ನು ನಾನು ನೋಡಿದ್ದು ಕಡಿಮೆ. ಹಜಾರದ ಮೂಲೆಯಲ್ಲಿ ಕೂತು, ಮಗ್ಗದ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗಳಿಗೆ, ಕಂಡಿಕೆಗಳಿಗೆ, ನೂಲು ಸುತ್ತುತ್ತಿದ್ದಳು. ನನಗಾಗ ಹನ್ನೊಂದು ವರ್ಷ. ಒಮ್ಮೆ ಅಪ್ಪ ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ಹಳೆಯ ಕ್ಯಾಸೆಟ್ಟುಗಳ ಕಟ್ಟೊಂದನ್ನು ತಂದು, ಅವುಗಳ ಮೇಲೆ ರೇಡಿಯೋದ ಹರಿಕಥೆ ರೆಕಾರ್ಡ್ ಮಾಡಲು ಅತ್ತೆಗೆ ಕೊಟ್ಟ. ಅದರಲ್ಲೊಂದನ್ನು ಅಳಿಸುವ ಮುಂಚೆ ನಾವಿಬ್ಬರೂ ಹಾಕಿ ಕೇಳಿದೆವು. ಗಿಟಾರು ಗರಗಸದಂತೆ ಕೊರೆಯಿತು, ಡ್ರಮ್ಮು ಮಗ್ಗದ ಹಾಗೇ ಬಡಿಯಿತು, ಒಬ್ಬ ಗಂಡಸು ಗಂಟಲು ಹರಿಯುವಂತೆ ಕೂಗಿದ. ಡಬ್ಬಿಯ ಮೇಲೆ ಉದ್ದ ಕೂದಲಿನ ನಾಲ್ವರ ಚಿತ್ರವಿತ್ತು. "ಅಳಿಸ್ಬೇಡ ಅತ್ತೆ," ಎಂದು ಬೇಡಿಕೊಂಡವಳು ನಾನು. ಅದನ್ನು ನೂಲಿನ ಬುಟ್ಟಿಯಲ್ಲಿ ಬಚ್ಚಿಟ್ಟವಳೂ ನಾನೇ. ಅತ್ತೆ ಟೇಪ್‌ರೆಕಾರ್ಡರನ್ನೇ ನೋಡುತ್ತ ಕೂತಿದ್ದವಳು, "ಹೆಂಗೆ ಕೂಗ್ತಾನೆ ನೋಡೇ ಪುಟ್ಟಿ. ಸುಮ್ನಿರು ಅಂತ ಯಾರೂ ಅನ್ನಲ್ವಾ ಇವನ್ಗೆ?" ಎಂದಳು.

ಅಂದಿನಿಂದ ಆರೂ ಮಗ್ಗ ಓಡುವ ಹೊತ್ತಿನಲ್ಲಿ ಅವಳು ಆ ಕ್ಯಾಸೆಟ್ಟು ಹಾಕಿ, ಅರ್ಥವಾಗದ ಇಂಗ್ಲಿಷನ್ನು ಕಿವಿಗೆ ಬಿದ್ದ ಹಾಗೆ ತಿರುಚಿಕೊಂಡು, ತಾನೂ ಕೂಗುತ್ತಿದ್ದಳು. ನಾಲ್ಕು ಹೆಜ್ಜೆ ಆಚೆ ನಿಂತ ಅಪ್ಪನಿಗೂ ಕೇಳಿಸುತ್ತಿರಲಿಲ್ಲ. ಅವಳ ಕತ್ತಿನ ನರ ಉಬ್ಬುವುದು, ಮುಖ ಕೆಂಪಾಗುವುದು ನನಗೊಬ್ಬಳಿಗೇ ಕಾಣುತ್ತಿತ್ತು. ಹಾಗೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮಗ್ಗಗಳು ನಿಂತವು, ಟೇಪೂ ನಿಂತಿತು. ಅತ್ತೆಯ ಕೂಗು ಮಾತ್ರ ನಿಲ್ಲಲಿಲ್ಲ. ಆ ಮೌನದಲ್ಲಿ ಅದು ಹಾಡಿನಂತಿರಲಿಲ್ಲ, ಬಾವಿಗೆ ಬಿದ್ದವರು ಕರೆದ ಹಾಗಿತ್ತು. ನೇಯುವವರೆಲ್ಲ ತಿರುಗಿ ನೋಡಿದರು. ಅಪ್ಪ ಬಂದು ಕ್ಯಾಸೆಟ್ಟು ತೆಗೆದು, "ಇದನ್ನ ಅಳಿಸ್ದೆ ಬಚ್ಚಿಟ್ಟಿದ್ದು ಯಾರು?" ಎಂದ. "ಅತ್ತೆ," ಎಂದುಬಿಟ್ಟೆ. ಅತ್ತೆ ನನ್ನ ಕಡೆ ನೋಡಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಾರನೆಯ ದಿನ ಅವಳ ತೋಳಿಗೊಂದು ತಾಯತ ಬಂತು. ಕಂಡಿಕೆ ಸುತ್ತುವ ಕೆಲಸ ಬೇರೆಯವರ ಪಾಲಾಗಿ, ಅವಳಿಗೆ ಅಡುಗೆಮನೆಯೊಂದೇ ಉಳಿಯಿತು. ಕ್ಯಾಸೆಟ್ಟಿಗೆ ಅಪ್ಪನೇ ಹರಿಕಥೆ ತುಂಬಿಸಿದ.

ಅಪ್ಪ ತೀರಿಕೊಂಡ ಮೇಲೆ ಮಗ್ಗಗಳು ಗುಜರಿಗೆ ಹೋದವು. ಮನೆಯಿದ್ದ ಜಾಗದಲ್ಲಿ ಅಂಗಡಿ ಮಳಿಗೆಗಳೆದ್ದವು. ಅತ್ತೆ ನನ್ನ ತಮ್ಮನ ಮನೆಯ ಅಡುಗೆಮನೆ ಸೇರಿದಳು. ಈಚೆಗೊಂದು ದಿನ ನನ್ನ ಮಗಳು ಮೊಬೈಲಿನಲ್ಲಿ ಯಾವುದೋ ಜಾಹೀರಾತು ತೋರಿಸಿದಳು. ಅದರಲ್ಲಿ ಆ ನಾಲ್ವರೇ ಇದ್ದರು, ತಲೆ ನೆರೆತು ಮುದುಕರಾಗಿದ್ದರು. ದೇವನಹಳ್ಳಿ ಹತ್ತಿರದ ಬಯಲಿನಲ್ಲಿ ಅವರ ಕಾರ್ಯಕ್ರಮವಿತ್ತು. ತಮ್ಮನಿಗೆ ದೇವಸ್ಥಾನದ ನೆಪ ಹೇಳಿ ಅತ್ತೆಯನ್ನು ಕರೆದುಕೊಂಡು ಹೋದೆ. ಹೊತ್ತಿನ್ನೂ ಮುಳುಗಿರಲಿಲ್ಲ. ಕಪ್ಪು ಟೀ ಶರ್ಟಿನ ಜನ ಹಿಂದಿನಿಂದ ಒತ್ತಿ ಒತ್ತಿ ನಮ್ಮನ್ನು ಕಬ್ಬಿಣದ ತಡೆಬೇಲಿಗೆ ಅಂಟಿಸಿಬಿಟ್ಟರು. ಕೈ ಎತ್ತಲೂ ಜಾಗವಿರಲಿಲ್ಲ. ಎದೆಯೊಳಗೆ ಬಡಿಯುವ ಆ ಡ್ರಮ್ಮಿಗೆ ನನ್ನ ಕಣ್ಣು ತುಂಬಿ ಬಂತು. ಬೇಲಿಯ ಸರಳು ಹಿಡಿದು ನಿಂತ ಅತ್ತೆಯ ಕತ್ತಿನ ನರ ಉಬ್ಬಿತ್ತು, ತುಟಿ ಮಾತ್ರ ಬಿಚ್ಚಿರಲಿಲ್ಲ. "ಕೂಗು ಅತ್ತೆ, ಯಾರ್ಗೂ ಕೇಳ್ಸಲ್ಲ," ಎಂದು ಅವಳ ಕಿವಿಯಲ್ಲಿ ಕಿರುಚಿದೆ. ಅವಳು ಒಂದೆರಡು ಸಲ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. "ಬರ್ತಿಲ್ಲ ಕಣೇ," ಎಂದು ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

ವಾಪಸು ಹೊರಟರೆ, ಕಾರು ನಿಲ್ಲಿಸಿದ್ದ ಹೊಲದಿಂದ ಆಚೆ ಬರಲಾಗಲಿಲ್ಲ. ಹಿಂದೆ, ಮುಂದೆ, ಎರಡೂ ಪಕ್ಕ ಕಾರುಗಳು. ಗಾಜು ಏರಿಸಿಕೊಂಡು ಕೂತಿದ್ದಾಗ, ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆಡಿಬಿಟ್ಟೆ. "ಅತ್ತೆ, ಅವತ್ತು ಅಪ್ಪಂಗೆ ನಿನ್ ಹೆಸ್ರು ಹೇಳಿದ್ದು ತಪ್ಪು. ಅದರಿಂದ್ಲೇ ನೀನು ಒಳಗೇ ಉಳಿದ್ಬಿಟ್ಟೆ."

"ನೀನಿನ್ನೂ ಮಗು ಆಗ," ಎಂದಳು ಅತ್ತೆ. "ನಿಮ್ಮಪ್ಪ ಬಾಗ್ಲಿಗೆ ಬೀಗ ಹಾಕಿರ್ಲಿಲ್ಲ ಪುಟ್ಟಿ. ಒಂದಿನಾನೂ ಹಾಕಿರ್ಲಿಲ್ಲ. ಬಸ್ಸು ನಮ್ಮ ಬೀದಿ ಕೊನೇಲೇ ನಿಲ್ತಿತ್ತು. ಅದೇ ಈಗ ನೆನಪಾಗೋದು."

ಮುಂದಿನ ಕಾರು ಒಂದು ಮೊಳದಷ್ಟು ಸರಿಯಿತು, ನಾನೂ ಅಷ್ಟೇ ಸರಿಸಿದೆ. ಅತ್ತೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡು, "ನಾಳೆ ದೋಸೆಗೆ ಇನ್ನೂ ರುಬ್ಬಿಟ್ಟಿಲ್ಲ. ಬೇಗ ಮನೆಗೆ ಬಿಟ್ಬಿಡೇ ನನ್ನ," ಎಂದಳು.