ಕುಂಕುಮದ ಕೋಲು

ನಮ್ಮ ಎದುರುಮನೆಯ ಹೂವಮ್ಮ ಯಾವುದಕ್ಕೂ "ನೋಡೇಬುಡಾಣ" ಎನ್ನುತ್ತಿದ್ದರು. ಎರಡೂ ಮಂಡಿಚಿಪ್ಪು ಬದಲಾಯಿಸಿದ ಮೇಲೆ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದಿದ್ದ ಡಾಕ್ಟರು ಅಲ್ಲಿನ ರೋಗಿಗಳಿಗೆ ಕೊಡುವ ಸೂಚನೆಯ ಹಾಳೆಯನ್ನೇ ಇವರಿಗೂ ಕೊಟ್ಟರು. ನಾನು ಓದಿ ಹೇಳಿದೆ: ಕುಕ್ಕರಗಾಲಲ್ಲಿ ಕೂರಬಾರದು, ಆರು ತಿಂಗಳಾದ ಮೇಲೆ ಗಾಲ್ಫ್ ಆಡಬಹುದು.

"ಬೆಟ್ಟದ ಮೆಟ್ಲಿಗೆ ಕುಂಕುಮ ಹಚ್ಚೋದು ಬರ್ದಿಲ್ವಾ?"

"ಇಲ್ಲಮ್ಮ, ಅಲ್ಲಿ ಯಾರೂ ಹಚ್ಚಲ್ಲ."

"ಮಂಡಿ ಮಡಿಸ್ದೆ ಹಚ್ಚಿದ್ರಾಯ್ತು. ನೋಡೇಬುಡಾಣ."

ಏಳನೇ ತಿಂಗಳು ಬಿದಿರುಕೋಲಿನ ತುದಿಗೆ ಬಟ್ಟೆ ಸುತ್ತಿ, ಕುಂಕುಮದಲ್ಲಿ ಅದ್ದಿ, ನಿಂತುಕೊಂಡೇ ಒಂದೊಂದು ಮೆಟ್ಟಿಲಿಗೂ ಹಚ್ಚುತ್ತ ಚಾಮುಂಡಿ ಬೆಟ್ಟ ಹತ್ತಿದರು.

ಮುಂದಿನ ತಪಾಸಣೆಗೆ ಆ ಕೋಲನ್ನೂ ಹಿಡಿದು ಹೋದರು. ಡಾಕ್ಟರು ಎಲ್ಲ ಕೇಳಿದರು, ಕೆಂಪಾದ ತುದಿಯನ್ನು ಮುಟ್ಟಿ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಹಾಳೆಯಲ್ಲಿ ಗಾಲ್ಫ್ ಎಂಬುದನ್ನು ಹೊಡೆದುಹಾಕಿ, ಕನ್ನಡದಲ್ಲಿ 'ಬೆಟ್ಟ' ಎಂದು ಬರೆದರು.