ವರ್ನಾಳ ಬೀರುವಿನಲ್ಲೊಂದು ಸಾಮಿಲ್ಲು

ಡೆಲವೇರ್ ರಾಜ್ಯದ ಡೋವರ್ ಊರಿನ ವರ್ನಾ ಟುಲ್ ತನ್ನ ಹಿಂಬದಿ ಕೋಣೆಯಲ್ಲಿ ಆರುನೂರು ಕಂಪನಿಗಳನ್ನು ಸಾಕಿದ್ದಳು. ಸಾಕಿದ್ದೆಂದರೆ ಬೀರುವಿನ ಖಾನೆಗಳಲ್ಲಿ. ಅವು ದುಡಿಯುವುದು ಬೇರೆ ರಾಜ್ಯಗಳಲ್ಲಿ, ನೋಂದಣಿಯಾಗಿ ಹುಟ್ಟಿದ್ದು ಮಾತ್ರ ನಮ್ಮ ಡೆಲವೇರ್‌ನಲ್ಲಿ. ಅವಕ್ಕೆ ಬಂದ ಕೋರ್ಟಿನ ಸಮನ್ಸು ಪಡೆದು, ಖಾನೆಯ ಚೀಟಿಯಲ್ಲಿರುವ ಮಾಲೀಕರ ವಿಳಾಸಕ್ಕೆ ಕಳಿಸುವುದು ಅವಳ ಕಸುಬು. ಅವಳ ಕೈಕೆಳಗೆ ಒಂಬತ್ತು ವರ್ಷ ಲಕೋಟೆ ಅಂಟಿಸಿದವಳು ನಾನು.

ಖಾನೆ ಎಳೆಯುವ ಮುನ್ನ ವರ್ನಾ ಎರಡು ಸಲ ತಟ್ಟುತ್ತಿದ್ದಳು.

“ಒಳಗ್ಯಾರಿದಾರೆ ಅಂತ ತಟ್ತೀಯೇ?” ಎಂದು ನಾನು ಕೇಳಿದರೆ, “ಯಾರೂ ಇಲ್ಲ ಅಂತ ನೀನು ಹೊಕ್ಕು ನೋಡಿದೀಯಾ?” ಎನ್ನುತ್ತಿದ್ದಳು. ನಾನು ನಗುತ್ತಿದ್ದೆ, ದಡ್ಡಿ.

ಒಂದು ಅಕ್ಟೋಬರ್ ಮಧ್ಯಾಹ್ನ ಜಾರ್ಜಿಯಾ ರಾಜ್ಯದಿಂದ ಐಡೆಲ್ಲಾ ಮಿಮ್ಸ್ ಬಂದಳು. ಎರಡು ತಿಂಗಳ ಹಿಂದೆ ಅವಳ ಗಂಡ ಲಾನಿ ಸಾಮಿಲ್ಲಿನ ಗರಗಸಕ್ಕೆ ಸಿಕ್ಕಿ ಸತ್ತಿದ್ದ. ಮಿಲ್ಲಿನ ಕಂಪನಿಯ ಮೇಲೆ ಅವಳು ಕೇಸು ಹಾಕಿದ್ದಳು, ಆದರೆ ಮಾಲೀಕ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಗದಗಳ ಮೇಲಿದ್ದದ್ದು ವರ್ನಾಳ ವಿಳಾಸ.

“ಕರೀರಿ ಆ ಮಾಲೀಕನನ್ನ. ಒಂದ್ಸಲ ಅವನ ಮುಖ ನೋಡ್ಬೇಕು.”

“ಸಾವಿನ ಕೇಸಿಗೆ ನಿಮ್ಮ ಜಾರ್ಜಿಯಾದ ಕಾನೂನೇ ಕಣಮ್ಮ,” ಎಂದಳು ವರ್ನಾ. “ಆದ್ರೆ ಕಂಪನಿ ಎಲ್ಲಿಗೆ ಹೋದ್ರೂ, ಮಾಲೀಕ ಯಾರು, ಅವನು ಸತ್ರೆ ಮುಂದೇನು ಅನ್ನೋ ಮನೆಯೊಳಗಿನ ಮಾತಿಗೆ ತವರಿನ, ಅಂದ್ರೆ ಡೆಲವೇರ್ ಕಾನೂನೇ.”

ಎರಡು ಸಲ ತಟ್ಟಿ ಖಾನೆ ಎಳೆದಳು. ಕಂಪನಿಯ ಒಪ್ಪಂದದ ಪ್ರತಿ ತೆಗೆದು ಓದಿದಳು.

“ಲಾನಿ ಮಿಮ್ಸ್. ಎರಡು ವರ್ಷದಿಂದ ಅವನೊಬ್ಬನೇ ಮಾಲೀಕ. ನೀವು ಹಾಕಿದ ಕೇಸಿನ ಸಮನ್ಸೂ ಅವನ ಹೆಸರಿಗೇ ಕಳಿಸಿದೀನಿ.”

ಐಡೆಲ್ಲಾ ಚೀಲದಿಂದ ಒಡೆಯದ ಲಕೋಟೆ ತೆಗೆದಳು. ಅಂಟು ನನ್ನದೇ. “ಅವನ ಹೆಸರಿಗೆ ಬಂದದ್ದು. ಒಡೆಯೋಕೆ ಮನಸ್ಸಾಗ್ಲಿಲ್ಲ. ಅಲ್ಲಿ ಕೂಲಿ ಅಂತಿದ್ದ ನನ್ನತ್ರ. ಮಿಲ್ಲು ಕಂಡ್ರೆ ನಂಗಾಗ್ತಿರ್ಲಿಲ್ಲ.”

“ಈಗ ಮಿಲ್ಲು ಮುಚ್ಚಿದೆ ತಾನೇ?”

“ಇಲ್ವಲ್ಲ! ದಿನಾ ಏಳಕ್ಕೆ ಸೈರನ್ ಕೂಗತ್ತೆ. ಡೋವರ್‌ನೋರು ನೀವೇ ನಡೆಸ್ತಿದೀರಿ ಅಂತಾರೆ ಎಲ್ರೂ.”

“ಡೋವರ್‌ನಲ್ಲಿರೋದು ಈ ಬೀರು, ಅಷ್ಟೇ.”

ಒಬ್ಬನೇ ಮಾಲೀಕ ಸತ್ತರೆ, ತೊಂಬತ್ತು ದಿನದೊಳಗೆ ವಾರಸುದಾರರು ಮುಂದುವರಿಸುತ್ತೇವೆಂದು ಒಪ್ಪದಿದ್ದರೆ ಕಂಪನಿಯ ಕಥೆ ಮುಗಿಯಿತೆಂದು ವರ್ನಾ ವಿವರಿಸಿದಳು. “ಒಪ್ಪಿದ್ರೆ ನೀವೇ ಮಾಲೀಕರು.”

“ಅವನನ್ನ ತಿಂದ ಮಿಲ್ಲಿಗೆ ನಾನು ಮಾಲೀಕಳಾ?” ಐಡೆಲ್ಲಾ ಎದ್ದು ಹೋಗಿ ಖಾನೆಯನ್ನು ತಟ್ಟಿದಳು. “ಲಾನಿ, ನನಗ್ಯಾಕೋ ಹೇಳ್ಲಿಲ್ಲ?” ಕಿವಿಯಿಟ್ಟು ಬಹಳ ಹೊತ್ತು ನಿಂತಳು. ಒಪ್ಪಿಗೆಗೆ ಸಹಿ ಹಾಕದೆ ಹೋದಳು.

ಲಾನಿ ಸತ್ತ ತೊಂಬತ್ತೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದಳು. “ನಾನು ಒಪ್ಪಲೇ ಇಲ್ಲ. ಆದ್ರೂ ಕೇಳಿ.” ಅವಳ ದನಿಯ ಹಿಂದೆ ಮಿಲ್ಲಿನ ಸೈರನ್ ಕೂಗುತ್ತಿತ್ತು.

ವರ್ನಾ ಆ ಖಾನೆಗೆ ಬೀಗ ಹಾಕಿದಳು. ಅವಳು ತೀರಿಕೊಂಡು ಬೀರು ನನ್ನ ಕೈಗೆ ಬಂದ ಮೇಲೂ ನಾನದನ್ನು ತೆರೆದಿಲ್ಲ. ಮಿಕ್ಕವನ್ನು ಎರಡು ಸಲ ತಟ್ಟಿಯೇ ಎಳೆಯುತ್ತೇನೆ.